ಪ್ಲಗ್ ಬದಲಿಸುವ ಮೊದಲು ಹಳೆಯದರ ಮೂತಿ ನೋಡಿ

ಹೋದ ಸಲ ಮೆಕ್ಕೆಜೋಳದ ಸುಗ್ಗಿ ಹೊತ್ತಿನಲ್ಲಿ ಮಾಯಕೊಂಡದ ಕಡೆಯ ಯಜಮಾನರೊಬ್ಬರು ದಾವಣಗೆರೆಯ ನನ್ನ ಗ್ಯಾರೇಜಿಗೆ ಬಂದರು. ಟವೆಲ್ ಗಂಟು ಬಿಚ್ಚಿ ಬೆಂಚಿನ ಮೇಲೆ ತಮ್ಮ ಬೈಕಿನ ನಾಲ್ಕು ಸ್ಪಾರ್ಕ್ ಪ್ಲಗ್, ಅಂದರೆ ಎಂಜಿನ್ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಪ್ಲಗ್, ಇಟ್ಟರು. "ಎರಡು ತಿಂಗಳಲ್ಲಿ ನಾಲ್ಕು ಹಾಕ್ಸೀನಿ ತಮ್ಮಾ. ಹೊಸಾದು ಹಾಕಿದಾಗ ಚಲೋ ಓಡ್ತತಿ. ವಾರ ಕಳೀತು ಅಂದ್ರ ಮತ್ತೆ ಮಿಸ್ಸಿಂಗ್, ತಡೆದು ತಡೆದು ಓಡ್ತತಿ" ಅಂದರು.

ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ನೋಡಿದೆ. ನಾಲ್ಕೂ ಒಂದೇ ಥರ. ಒಣಗಿದ ಕಪ್ಪು ಮಸಿ, ಬೆರಳಿಗೆ ಕಾಡಿಗೆಯಂತೆ ಹತ್ತುತ್ತಿತ್ತು. ಪ್ಲಗ್ ಕಡೆ ಕೈ ಹಾಕದೆ ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿದೆ. ಕಾಗದದ ಮಡಿಕೆ ಮಡಿಕೆಯಲ್ಲೂ ಜೋಳದ ಹೊಟ್ಟು, ಅದರ ಮೇಲೆ ಕೆಂಪು ಧೂಳು, ಎರಡೂ ಸೇರಿ ಕಂಬಳಿಯಂತೆ ಗಟ್ಟಿಯಾಗಿತ್ತು. ಒಕ್ಕುವ ಮಷಿನ್ ಪಕ್ಕದಲ್ಲೇ ದಿನಾ ಬೈಕ್ ನಿಲ್ಲಿಸುತ್ತಿದ್ದರಂತೆ. ಫಿಲ್ಟರ್ ಬದಲಿಸಿ, ಅವರ ಹಳೇ ಪ್ಲಗ್‌ಗಳಲ್ಲೇ ಒಂದನ್ನು ಸ್ವಚ್ಛ ಮಾಡಿ ಹಾಕಿ ಕಳಿಸಿದೆ. ಇವತ್ತಿಗೂ ಅದೇ ಪ್ಲಗ್ ಓಡುತ್ತಿದೆ.

ನಾಲ್ಕು ಸಲ ಪ್ಲಗ್ ಬಿಚ್ಚಿದವರಲ್ಲಿ ಒಬ್ಬರಾದರೂ ಅದನ್ನು ಬೆಳಕಿಗೆ ಹಿಡಿದು ನೋಡಿದ್ದರೆ ಸಾಕಿತ್ತು. ಪ್ಲಗ್ಗಿನ ತುದಿ ಎಂಜಿನ್ ಒಳಗೆ ಬೆಂಕಿ ಉರಿಯುವ ಜಾಗದಲ್ಲೇ ಕೂತಿರುತ್ತದೆ. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚದೆ ಒಳಗಿನ ಸಮಾಚಾರ ತಿಳಿಯೋಕೆ ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಬಿಚ್ಚುವ ಮೊದಲು

ಎಂಜಿನ್ ಪೂರ್ತಿ ತಣ್ಣಗಾಗಲಿ. ಕೈ ಸುಡುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ಹೆಡ್ ಇರುವುದು ಅಲ್ಯೂಮಿನಿಯಂನಲ್ಲಿ. ಬಿಸಿ ಇರುವಾಗ ಪ್ಲಗ್ ತಿರುಗಿಸಿದರೆ ಹೆಡ್ಡಿನ ಥ್ರೆಡ್ ಕಿತ್ತು ಬರಬಹುದು. ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಹೋಗುವುದು ಹೀಗೆ.

ಪ್ಲಗ್ ಸುತ್ತಲಿನ ಗುಂಡಿಯಲ್ಲಿ ಮಣ್ಣು, ಮರಳು ಕೂತಿರುತ್ತದೆ. ಬಿಚ್ಚಿದ ಕೂಡಲೇ ಅದು ಸೀದಾ ಸಿಲಿಂಡರ್ ಒಳಗೆ ಬಿದ್ದು ಬೋರ್ (ಸಿಲಿಂಡರಿನ ಒಳಗೋಡೆ) ಗೀರುತ್ತದೆ. ಮೊದಲು ಪಂಕ್ಚರ್ ಅಂಗಡಿಯಲ್ಲಿ ಆ ಗುಂಡಿಗೆ ಗಾಳಿ ಹೊಡೆಸಿ. ಪ್ಲಗ್ಗಿನ ತಲೆಗೆ ಸಿಕ್ಕಿಸಿದ ಕ್ಯಾಪನ್ನು ವೈರ್ ಹಿಡಿದು ಎಳೆಯಬೇಡಿ, ಕ್ಯಾಪನ್ನೇ ಹಿಡಿದು ಎಳೆಯಿರಿ.

ಸರಿಯಾದ ಪ್ಲಗ್ ಪಾನ ಬಳಸಿ. 10 ಮಿ.ಮೀ. ಥ್ರೆಡ್‌ನ ಪ್ಲಗ್ಗಿಗೆ 16ರ ಪಾನ, 12ಕ್ಕೆ 18ರದ್ದು, ಹಳೇ ಗಾಡಿಗಳ 14ಕ್ಕೆ 21ರದ್ದು. ಪಾನ ಓರೆಯಾದರೆ ಬಿಳಿ ಪಿಂಗಾಣಿ ಬಿರುಕು ಬಿಡುತ್ತದೆ. ಹೊರಗೆ ಕಾಣುವುದೇ ಇಲ್ಲ.

ನೋಡುವುದು ಹೇಗೆ

ಬೆಳಿಗ್ಗೆ ಚೋಕ್ (ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಎಳೆದು ಸ್ಟಾರ್ಟ್ ಮಾಡಿ, ಎರಡು ನಿಮಿಷ ಐಡ್ಲಿಂಗ್ ಬಿಟ್ಟು, ಪ್ಲಗ್ ಬಿಚ್ಚಿದರೆ ಎಂಥಾ ಒಳ್ಳೇ ಎಂಜಿನ್ನಿನ ಪ್ಲಗ್ಗೂ ಕಪ್ಪಾಗಿಯೇ ಕಾಣುತ್ತದೆ. ಅದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ದಾವಣಗೆರೆಯಿಂದ ಹರಿಹರಕ್ಕೆ ಹೋದಷ್ಟು ದೂರ, ಅಂದರೆ ಸುಮಾರು 14 ಕಿ.ಮೀ., ಒಂದೇ ಹದದಲ್ಲಿ ಓಡಿಸಿ. ನಿಂತ ಮೇಲೆ ಐಡ್ಲಿಂಗ್ ಬಿಡದೆ ಆಫ್ ಮಾಡಿ. ತಣ್ಣಗಾಗಲು ಬಿಟ್ಟು ಆಮೇಲೆ ಬಿಚ್ಚಿ. ಹೊಸ ಪ್ಲಗ್ಗಿಗೆ ಬಣ್ಣ ಕೂರಲು ಕೆಲವು ನೂರು ಕಿ.ಮೀ. ಓಡಬೇಕು. ಹೊಸದನ್ನು ಹಾಕಿದ ಮರುದಿನವೇ ಬೆಳ್ಳಗಿದೆ ಅಂತ ಹೆದರಬೇಡಿ.

ಬಿಸಿಲಿಗೆ ಹಿಡಿದು ಮೂರು ಜಾಗ ನೋಡಿ. ನಡುವಿನ ಪಿಂಗಾಣಿ ಮೂತಿ ಗಾಳಿ-ಪೆಟ್ರೋಲ್ ಹದವನ್ನೂ ಬಿಸಿಯನ್ನೂ ಹೇಳುತ್ತದೆ. ಬಗ್ಗಿದ ಕೊಕ್ಕೆ ಸವೆತ ಹೇಳುತ್ತದೆ. ಥ್ರೆಡ್ ತುದಿಯ ಕಬ್ಬಿಣದ ಉಂಗುರ ಹೆಚ್ಚಾಗಿ ಐಡ್ಲಿಂಗ್, ನಿಧಾನ ಓಟದ ಕಥೆ ಹೇಳುತ್ತದೆ. ಉಂಗುರ ಸ್ವಲ್ಪ ಕಪ್ಪಿದ್ದು ಪಿಂಗಾಣಿ ತಿಳಿ ಕಂದಾಗಿದ್ದರೆ ಎಂಜಿನ್ ಚೆನ್ನಾಗಿದೆ. ಗ್ಯಾರೇಜಿನಲ್ಲಿ ನಾವು ಇದನ್ನು ಬಿಸ್ಕತ್ ಬಣ್ಣ ಅನ್ನುತ್ತೇವೆ.

ಒಂದು ಎಚ್ಚರಿಕೆ. ಈ ಬಣ್ಣದ ಲೆಕ್ಕ ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿಗಳಿಗೆ ಚೆನ್ನಾಗಿ ಹೊಂದುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ನಿಯಮ) ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಅಳತೆಯನ್ನು ಕಂಪ್ಯೂಟರೇ ಸರಿಮಾಡುತ್ತದೆ. ಅದರ ಮೇಲೆ ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಹಾಗಾಗಿ ಇವುಗಳ ಪ್ಲಗ್ ತಿಳಿ ಬೂದು, ಕೆಲವೊಮ್ಮೆ ಬಿಳಿಗೆ ಹತ್ತಿರ ಇದ್ದರೂ ದೋಷ ಅಲ್ಲ. ಹೊಳಪು, ಗುಳ್ಳೆ, ಕರಗಿದ ಗುರುತು ಇದ್ದರೆ ಮಾತ್ರ ಚಿಂತೆ ಮಾಡಬೇಕು.

ಸ್ಟಾರ್ಟೇ ಆಗುತ್ತಿಲ್ಲ, ಪ್ಲಗ್ ಪೆಟ್ರೋಲ್‌ನಲ್ಲಿ ನೆಂದಿದೆ

ಮೊದಲು ಕಿಲ್ ಸ್ವಿಚ್, ಅಂದರೆ ಹ್ಯಾಂಡಲ್ ಮೇಲಿನ ಎಂಜಿನ್ ಆಫ್ ಮಾಡುವ ಸ್ವಿಚ್ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಗಾಡಿಯನ್ನು ಕಿಲೋಮೀಟರ್‌ಗಟ್ಟಲೆ ತಳ್ಳಿಕೊಂಡು ಬಂದವರ ಕಿಲ್ ಸ್ವಿಚ್ಚನ್ನು ನಾನೇ ಆನ್ ಮಾಡಿ ಕಳಿಸಿದ್ದೇನೆ.

ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಹೊತ್ತುತ್ತಿಲ್ಲ ಅಂತ ಅರ್ಥ. ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಆಗ ಪ್ಲಗ್ ಬಿಟ್ಟು ಟ್ಯಾಂಕ್, ಕಾಕ್ (ಪೆಟ್ರೋಲ್ ನಲ್ಲಿ), ಪೆಟ್ರೋಲ್ ಫಿಲ್ಟರ್ ಕಡೆ ಹೋಗಿ.

ಒದ್ದೆ ಇದ್ದರೆ ಪ್ಲಗ್ ಒರೆಸಿ ಬಿಸಿಲಲ್ಲಿ ಇಡಿ. ಗ್ಯಾಸ್ ಒಲೆ ಮೇಲೆ ಹಿಡಿದು ಒಣಗಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ, ಪೆಟ್ರೋಲ್ ಹತ್ತಿದ ಕೈಯಲ್ಲಿ ಒಲೆ ಹತ್ತಿರ ಹೋಗಲೇಬೇಡಿ. ಪ್ಲಗ್ ಒಣಗಿದ ಮೇಲೆ ವಾಪಸ್ ಹಾಕಿ, ಕಾಕ್ ಮುಚ್ಚಿ, ಎಳೆದ ಚೋಕ್ ವಾಪಸ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುವಿ ಆರೇಳು ಕಿಕ್ ಹೊಡೆಯಿರಿ. ಸುಮ್ನೆ ಚೋಕ್ ಎಳೆದು ಎಳೆದು ತುಂಬಿಸಿದ್ದರೆ ಇಷ್ಟಕ್ಕೇ ಹಿಡಿಯುತ್ತದೆ.

ಹಿಡಿಯದಿದ್ದರೆ ಕಿಡಿ ನೋಡಬೇಕು. ಪ್ಲಗ್ ಬಿಚ್ಚಿದ ತೂತಿಗೆ ಬಟ್ಟೆ ಮುಚ್ಚಿ. ಅಲ್ಲಿಂದ ಬರುವ ಪೆಟ್ರೋಲ್ ಆವಿ ಕಿಡಿಗೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರದಲ್ಲಿ, ಅದರ ಥ್ರೆಡ್ ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿಕೊಳ್ಳುವಂತೆ ಇಡಿ. ಬರಿಗೈಯಲ್ಲಿ ಹಿಡಿಯಬೇಡಿ, ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರ ನಿಲ್ಲುವುದೂ ಬೇಡ. ನೆರಳಲ್ಲಿ ಕಿಕ್ ಹೊಡೆಯಿರಿ. ಟಪ್ ಟಪ್ ಅಂತ ನೀಲಿ ಕಿಡಿ ಬಂದರೆ ಸರಿ. ಕೆಂಪಗೆ ಎಳೆ ಎಳೆಯಾಗಿ ಬಂದರೆ ಅಥವಾ ಬರದಿದ್ದರೆ ಬೇರೆ ಪ್ಲಗ್ ಹಾಕಿ ನೋಡಿ. ಆಗಲೂ ಹಾಗೇ ಇದ್ದರೆ ಕ್ಯಾಪ್, ಕಾಯಿಲ್, ಸಿಡಿಐ (ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ನೋಡಬೇಕು. ಅದು ಮೆಕ್ಯಾನಿಕ್ ಕೆಲಸ. ಇಂಜೆಕ್ಷನ್ ಗಾಡಿಯಲ್ಲಿ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬೇಡಿ. ಪೆಟ್ರೋಲ್ ಒತ್ತಡದಲ್ಲಿ ಬರುತ್ತದೆ, ಕಂಪ್ಯೂಟರ್ ಸುಟ್ಟರೆ ಖರ್ಚು ಬಹಳ.

ಪಿಕಪ್ ಇಲ್ಲ, ಮೈಲೇಜ್ ಇಳಿದಿದೆ, ಪ್ಲಗ್ ಮೇಲೆ ಒಣ ಕಪ್ಪು ಮಸಿ

ಮಾಯಕೊಂಡದ ಯಜಮಾನರ ಕಥೆ ಇದೇ. ಒಳಗಿನ ಗಾಳಿಗೆ ಎಷ್ಟು ಬೇಕೋ ಅದಕ್ಕಿಂತ ಪೆಟ್ರೋಲ್ ಜಾಸ್ತಿ, ಪೂರ್ತಿ ಉರಿಯದ್ದು ಮಸಿಯಾಗಿ ಕೂರುತ್ತದೆ. ಮಸಿ ಕರೆಂಟ್ ಹಾಯಿಸುತ್ತದೆ. ಹಾಗಾಗಿ ಕಿಡಿ ನಡುವಿನ ಕಡ್ಡಿಗೂ ಕೊಕ್ಕೆಗೂ ನಡುವಿನ ಗ್ಯಾಪಲ್ಲಿ ಹಾರದೆ ಮಸಿಯ ಮೇಲೇ ಹರಿದು ಹೋಗುತ್ತದೆ. ಮಿಸ್ಸಿಂಗ್ ಶುರುವಾಗುವುದು ಆವಾಗಲೇ.

ಮೊದಲು ಚೋಕ್. ಹ್ಯಾಂಡಲ್ ಹತ್ತಿರದ ಚೋಕ್ ವಾಪಸ್ ಹೋದಂತೆ ಕಂಡರೂ ಕೇಬಲ್ ತುಕ್ಕು ಹಿಡಿದು ಕಾರ್ಬೊರೇಟರ್ ಕಡೆ ಅರ್ಧ ಎಳೆದಂತೆಯೇ ಇರಬಹುದು. ಬಗ್ಗಿ ಅಲ್ಲೇ ನೋಡಿ.

ಆಮೇಲೆ ಏರ್ ಫಿಲ್ಟರ್. ನಮ್ಮ ಕಡೆ ನೂರರಲ್ಲಿ ಬಹಳ ಗಾಡಿಗಳ ರೋಗ ಇಲ್ಲೇ. ಅಕ್ಟೋಬರ್‌ನಿಂದ ರಸ್ತೆ ಮೇಲೆ ಮೆಕ್ಕೆಜೋಳ ಹರವುತ್ತಾರೆ, ಹೊಟ್ಟು ಹಾರುತ್ತದೆ. ಚಿತ್ರದುರ್ಗ, ಹೊಳಲ್ಕೆರೆ ಕಡೆ ಹೋದರೆ ಅದಿರಿನ ಕೆಂಪು ಧೂಳು. ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಒಳ್ಳೇ ರಸ್ತೆಗೆ. ಧೂಳಲ್ಲಿ ಓಡುವ ಗಾಡಿಗೆ ಅದರ ಅರ್ಧಕ್ಕೇ ತೆಗೆದು ನೋಡಬೇಕು ಅನ್ನುವುದು ನನ್ನ ಅನುಭವ. ಸ್ಪಂಜಿನ ಫಿಲ್ಟರ್ ಆದರೆ ತೊಳೆದು, ಒಣಗಿಸಿ, ಎಣ್ಣೆ ಸವರಿ ಹಾಕಬಹುದು. ಅಂಟಂಟಾದ ಕಾಗದದ ಫಿಲ್ಟರ್ ತೊಳೆಯುವಂತಿಲ್ಲ, ಗಾಳಿಯನ್ನೂ ಹೊಡೆಯುವಂತಿಲ್ಲ. ಬದಲಿಸಲೇಬೇಕು. ಫಿಲ್ಟರ್ ತೆಗೆದು ಹಾಗೇ ಓಡಿಸಿದರೆ ಎರಡು ದಿನ ಪಿಕಪ್ ಚೆನ್ನಾಗಿ ಕಾಣುತ್ತದೆ, ಆಮೇಲೆ ಬೋರ್ ಹೋಗುತ್ತದೆ.

ಫಿಲ್ಟರ್ ಚೆನ್ನಾಗಿದ್ದರೆ ನಿಮ್ಮ ಓಡಾಟ ಯೋಚಿಸಿ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಎಲ್ಲಾ ಸೇರಿ ಎರಡು ಕಿ.ಮೀ. ಆದರೆ ಪ್ಲಗ್ ಬಿಸಿಯೇ ಆಗುವುದಿಲ್ಲ. ಅದರ ಮೂತಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಮಸಿ ತಾನೇ ಸುಟ್ಟು ಹೋಗುತ್ತದೆ. ವಾರಕ್ಕೊಮ್ಮೆ ಕೊಂಡಜ್ಜಿ ಕಡೆಗೋ ಹರಿಹರಕ್ಕೋ ಹೋಗಿ ಬನ್ನಿ, ಎಷ್ಟೋ ಸಲ ಅಷ್ಟೇ ಸಾಕು.

ಇದೂ ಅಲ್ಲದಿದ್ದರೆ ಕಾರ್ಬೊರೇಟರ್ ಫ್ಲೋಟ್, ನೀಡಲ್, ಸವೆದ ಜೆಟ್ ನೋಡಬೇಕು. ಪ್ಲಗ್ಗಿನ ನಂಬರೂ ತಪ್ಪಿರಬಹುದು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಇಂಜೆಕ್ಷನ್ ಗಾಡಿಯಲ್ಲಿ ಮಸಿ ಜತೆಗೆ ಮೀಟರ್‌ನಲ್ಲಿ ಎಂಜಿನ್ ಲೈಟ್ ಹತ್ತಿದ್ದರೆ ಸೆನ್ಸರ್ ಇರಬಹುದು, ಸ್ಕ್ಯಾನರ್ ಇರುವ ಕಡೆ ತೋರಿಸಿ.

ಮಸಿ ತೆಗೆಯಲು ಕಬ್ಬಿಣದ ಬ್ರಷ್‌ನಿಂದ ಪಿಂಗಾಣಿ ಉಜ್ಜಬೇಡಿ. ಅದರ ಲೋಹ ಪಿಂಗಾಣಿ ಮೇಲೆ ಗೆರೆಯಾಗಿ ಉಳಿದು ಕಿಡಿಗೆ ಕಳ್ಳದಾರಿ ಮಾಡಿಕೊಡುತ್ತದೆ. ಹಳೇ ಹಲ್ಲುಜ್ಜುವ ಬ್ರಷ್, ಪ್ಲಗ್ ಕ್ಲೀನರ್ ಸಾಕು.

ಎರಡು ಪ್ಲಗ್ಗಿನ ಗಾಡಿ, ಒಂದು ಮಾತ್ರ ಕಪ್ಪು

ಪಲ್ಸರ್‌ನಂಥ ಗಾಡಿಗಳಲ್ಲಿ ಒಂದೇ ಸಿಲಿಂಡರ್‌ಗೆ ಎರಡು ಪ್ಲಗ್. ಎರಡಕ್ಕೂ ಸಿಗುವ ಗಾಳಿ-ಪೆಟ್ರೋಲ್ ಒಂದೇ. ಹಾಗಾಗಿ ಒಂದು ಬಿಸ್ಕತ್ ಬಣ್ಣ, ಇನ್ನೊಂದು ಕಪ್ಪು ಅಂದರೆ ಕಾರ್ಬೊರೇಟರ್ ಬಿಚ್ಚುವ ಕೆಲಸವೇ ಇಲ್ಲ. ಕಪ್ಪಾದದ್ದಕ್ಕೆ ಕಿಡಿ ಸರಿಯಾಗಿ ಬರುತ್ತಿಲ್ಲ. ಎರಡೂ ಪ್ಲಗ್ ಅದಲು ಬದಲು ಮಾಡಿ ಓಡಿಸಿ. ಕಪ್ಪು ಬಣ್ಣ ಪ್ಲಗ್ಗಿನ ಜತೆಗೇ ಆ ಕಡೆ ಹೋದರೆ ಪ್ಲಗ್ ಕೆಟ್ಟಿದೆ. ಅದೇ ಜಾಗದಲ್ಲಿ ಉಳಿದರೆ ಆ ಕಡೆಯ ಕ್ಯಾಪ್ ಅಥವಾ ಕಾಯಿಲ್. ಬಿಚ್ಚುವಾಗಲೇ ಯಾವುದು ಯಾವ ಕಡೆಯದು ಅಂತ ಗುರುತು ಹಾಕಿಕೊಳ್ಳಿ.

ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಪ್ಲಗ್ ಮೇಲೆ ಜಿಡ್ಡು ಕಪ್ಪು

ಬೆರಳಿಗೆ ಜಿಡ್ಡು ಹತ್ತುತ್ತದೆ, ಪೆಟ್ರೋಲ್ ವಾಸನೆ ಇಲ್ಲ, ಥ್ರೆಡ್ ಕೂಡ ಎಣ್ಣೆ ಎಣ್ಣೆ. ಎಂಜಿನ್ ಆಯಿಲ್ ಮೇಲೆ ಬಂದು ಉರಿಯುತ್ತಿದೆ. ಆರ್‌ಎಕ್ಸ್ 100ನಂಥ ಟೂ ಸ್ಟ್ರೋಕ್ ಗಾಡಿಯಾದರೆ ಗಾಬರಿ ಬೇಡ. ಪೆಟ್ರೋಲ್ ಜತೆ ಉರಿಯುವ 2ಟಿ ಆಯಿಲ್ ಜಾಸ್ತಿ ಆಗಿದೆಯಾ ನೋಡಿ.

ಫೋರ್ ಸ್ಟ್ರೋಕ್ ಆದರೆ ಮೊದಲು ಆಯಿಲ್ ಮಟ್ಟ ನೋಡಿ. ಗಾಡಿಗೆ ಒಳ್ಳೇದಾಗಲಿ ಅಂತ ಸ್ವಲ್ಪ ಜಾಸ್ತಿಯೇ ಹೊಯ್ಯುತ್ತಾರೆ. ಜಾಸ್ತಿಯಾದದ್ದು ಎಂಜಿನ್ನಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದ ಫಿಲ್ಟರ್ ಬಾಕ್ಸಿಗೆ ಬಂದು ಎಂಜಿನ್ನಿಗೆ ಹೋಗುತ್ತದೆ. ಫಿಲ್ಟರ್ ಬಾಕ್ಸ್ ತಳದಲ್ಲಿ ಆಯಿಲ್ ನಿಂತಿದ್ದರೆ ಇದೇ ಇರಬಹುದು. ಹೆಚ್ಚಿನದ್ದನ್ನು ಇಳಿಸಿ ನೂರಿನ್ನೂರು ಕಿ.ಮೀ. ಓಡಿಸಿ ನೋಡಿ.

ಮಟ್ಟ ಸರಿ ಇದ್ದರೆ ಹೊಗೆ ಯಾವಾಗ ಬರುತ್ತದೆ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ ಅಂತ ಬಂದು ನಿಂತರೆ ವಾಲ್ವ್ ಸೀಲ್. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಕೊಟ್ಟಾಗ ಬಂದರೂ ಬಹುತೇಕ ಅದೇ. ಆಕ್ಸಿಲರೇಟರ್ ಕೊಟ್ಟಷ್ಟೂ ಹೊಗೆ ಬಂದರೆ ಪಿಸ್ಟನ್ ರಿಂಗ್, ಬೋರ್. ಗ್ಯಾರೇಜಿನಲ್ಲಿ ಕಂಪ್ರೆಷನ್ ಗೇಜ್ ಹಾಕಿಸಿ. ಒತ್ತಡ ಕಡಿಮೆ ಇದ್ದರೆ ಒಂದು ಚಮಚ ಆಯಿಲ್ ಪ್ಲಗ್ ತೂತಿನಿಂದ ಬಿಟ್ಟು ಮತ್ತೆ ಅಳೆಯುತ್ತಾರೆ. ಈಗ ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಕಡೆ. ಬೋರ್ ಕೆಲಸ ಮಾಡಬೇಕು ಅಂತ ಯಾರಾದರೂ ಹೇಳಿದರೆ, ಈ ಅಳತೆ ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು.

ಎಂಜಿನ್ ಬಿಚ್ಚಿಸಲು ದುಡ್ಡು ಹೊಂದಿಸುವವರೆಗೆ ಆಯಿಲ್ ಮಟ್ಟವನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿರಿ. ಆಯಿಲ್ ಬತ್ತಿದರೆ ರಿಂಗ್ ಖರ್ಚಿಗೆ ಕ್ರ್ಯಾಂಕ್ ಖರ್ಚೂ ಸೇರುತ್ತದೆ.

ಎಂಜಿನ್ ವಿಪರೀತ ಬಿಸಿ, ಸ್ಪೀಡಲ್ಲಿ ಕಟ್ ಆಗುತ್ತದೆ, ಪ್ಲಗ್ ಸುಣ್ಣದಂತೆ ಬೆಳ್ಳಗೆ

ನಾನು ಹೆಚ್ಚು ಹೆದರುವುದು ಇದಕ್ಕೆ. ಕಪ್ಪು ಪ್ಲಗ್ ಗಾಡಿಯನ್ನು ನಿಲ್ಲಿಸುತ್ತದೆ, ಬಿಳಿ ಪ್ಲಗ್ ಎಂಜಿನ್ನನ್ನೇ ಸುಡುತ್ತದೆ.

ಒಬ್ಬ ಹುಡುಗ ಹಳೇ ಗಾಡಿಯಲ್ಲಿ ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಕೆಲಸಕ್ಕೆ ಹೋಗುತ್ತಿದ್ದ. ಹೋಗೋದೇ 60 ಕಿ.ಮೀ. ಚಿಲ್ಲರೆ, ಎಲ್ಲಾ ಹೈವೇ. "ಅಣ್ಣಾ, ಎಪ್ಪತ್ತು ದಾಟಿದ್ರೆ ಕಟ್ ಆಗುತ್ತೆ, ಪ್ಲಗ್ ಒಂದು ಹಾಕಿಬಿಡಿ, ನಾಳೆ ಡ್ಯೂಟಿ ಇದೆ" ಅಂದ. ಪ್ಲಗ್ ತೆಗೆದೆ. ಪಿಂಗಾಣಿ ಹೊಸ ಸುಣ್ಣ ಬಳಿದ ಗೋಡೆಯಂತೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಅದರ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕೆ ಎರಡು ಮೂರು ಮಿನುಗಿದವು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಗಾಡಿ ಕೊಡಲಿಲ್ಲ, ನಾಳೆ ಬಸ್ಸಿಗೆ ಹೋಗು ಅಂದೆ. ಹೆಡ್ ಬಿಚ್ಚಿದಾಗ ಪಿಸ್ಟನ್ ಅಂಚು ಇಲಿ ಕಡಿದಂತಿತ್ತು. ಕಾರಣ ಕಾರ್ಬೊರೇಟರ್‌ಗೂ ಹೆಡ್‌ಗೂ ನಡುವಿನ ರಬ್ಬರ್‌ನಲ್ಲಿ ಒಂದು ಬಿರುಕು. ನೆಟ್ಟಗೆ ನೋಡಿದರೆ ಕಾಣದು, ಬೆರಳಲ್ಲಿ ಬಗ್ಗಿಸಿದಾಗ ಬಾಯಿ ಬಿಟ್ಟಿತು. ಅಲ್ಲಿಂದ ಕಳ್ಳಗಾಳಿ ಸೇರಿ ಪೆಟ್ರೋಲ್ ತೆಳುವಾಗಿತ್ತು.

ಬೆಳ್ಳಗೆ ಕಂಡರೆ ಮೊದಲು ನೆನಪು ಮಾಡಿಕೊಳ್ಳಿ: ಬಿಚ್ಚುವಾಗ ಪ್ಲಗ್ ಬಿಗಿಯಾಗಿತ್ತಾ? ಸಡಿಲ ಪ್ಲಗ್ ತನ್ನ ಬಿಸಿಯನ್ನು ಹೆಡ್ಡಿಗೆ ಕೊಡಲಾಗದೆ ತಾನೇ ಕಾಯುತ್ತದೆ. ಆಮೇಲೆ ಎಂಜಿನ್ ರೆಕ್ಕೆಗಳನ್ನು ನೋಡಿ. ಭದ್ರಾ ನಾಲೆ ಏರಿ ಮೇಲೆ, ನಾಟಿ ಗದ್ದೆ ಬದಿಯಲ್ಲಿ ಓಡುವ ಗಾಡಿಗಳ ರೆಕ್ಕೆ ನಡುವೆ ಕೆಸರು ಒಣಗಿ ಇಟ್ಟಿಗೆಯಂತಾಗಿರುತ್ತದೆ. ಗಾಳಿ ಆಡದಿದ್ದರೆ ತಣ್ಣಗಾಗುವುದು ಎಲ್ಲಿಂದ? ತಣ್ಣಗಿರುವಾಗ ಕೆರೆದು ತೊಳೆಯಿರಿ.

ಮೂರನೆಯದು ಟ್ಯಾಂಕ್ ಮುಚ್ಚಳ. ಅದರ ಗಾಳಿತೂತು ಮುಚ್ಚಿಹೋದರೆ ಪೆಟ್ರೋಲ್ ಇಳಿಯುವುದಿಲ್ಲ. ಕಟ್ ಆದಾಗ ನಿಲ್ಲಿಸಿ ಮುಚ್ಚಳ ತೆಗೆದು ಹಾಕಿ. ಮತ್ತೆ ಚೆನ್ನಾಗಿ ಓಡಿದರೆ ತೂತು ಸ್ವಚ್ಛ ಮಾಡಿಸಿ.

ಕಾರ್ಬೊರೇಟರ್ ಗಾಡಿಯಲ್ಲಿ ಇನ್ನೊಂದು ಸುಲಭದ ಪರೀಕ್ಷೆ ಇದೆ. ಬಿಸಿಯಾದ ಎಂಜಿನ್ನಿಗೆ ನಿಂತಲ್ಲೇ ಸ್ವಲ್ಪ ಚೋಕ್ ಎಳೆಯಿರಿ. ಎಂಜಿನ್ ಮುಗ್ಗರಿಸಿದರೆ ಹದ ಸರಿಯಿದೆ. ಮೊದಲಿಗಿಂತ ಚೆನ್ನಾಗಿ ಓಡಿದರೆ ಪೆಟ್ರೋಲ್ ಸಾಲುತ್ತಿಲ್ಲ. ಜೆಟ್ ಕಟ್ಟಿರಬಹುದು, ರಬ್ಬರ್ ಒಡೆದಿರಬಹುದು. ಗಾಳಿ ಸೋರುವ ಜಾಗ ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುವವರನ್ನು ನೋಡಿದ್ದೇನೆ. ಅದು ಬೆಂಕಿಗೆ ಆಹ್ವಾನ.

ತುಕ್ಕಿನ ಬಣ್ಣ, ಅಥವಾ ಬೂದಿಯ ಪದರ

ಇಟ್ಟಿಗೆ ಕೆಂಪು ಪುಡಿ ಕೂತಿದ್ದರೆ ಪೆಟ್ರೋಲ್‌ಗೆ ಬೆರೆತ ಯಾವುದೋ ಅಡಿಟಿವ್ ಕಾರಣ ಇರಬಹುದು. ಕೆಲವದರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬಾಟಲಿ ಔಷಧಿ ಏನಾದರೂ ಹಾಕುತ್ತಿದ್ದರೆ ನಿಲ್ಲಿಸಿ, ಬೇರೆ ಬಂಕ್‌ನಲ್ಲಿ ಎರಡು ಸಲ ಟ್ಯಾಂಕ್ ತುಂಬಿಸಿ ನೋಡಿ. ಚಕ್ಕೆ ಚಕ್ಕೆಯಾಗಿ ಬೂದಿ ಕಟ್ಟಿದ್ದರೆ ಆಯಿಲ್ ನಿಧಾನಕ್ಕೆ ಉರಿಯುತ್ತಿದೆ, ನೀಲಿ ಹೊಗೆಯ ಭಾಗಕ್ಕೆ ಹೋಗಿ.

ಮಳೆಯಲ್ಲಿ, ತೊಳೆದ ಮೇಲೆ ಮಾತ್ರ ಮಿಸ್ಸಿಂಗ್

ಇಲ್ಲಿ ಮೂತಿ ಬಿಟ್ಟು ಪ್ಲಗ್ಗಿನ ಮೇಲ್ಭಾಗದ ಬಿಳಿ ಪಿಂಗಾಣಿ ನೋಡಿ. ಉದ್ದಕ್ಕೆ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ ಇದ್ದರೆ ಕರೆಂಟ್ ಹೊರಗಿನಿಂದ ಜಾರುತ್ತಿದೆ. ಕ್ಯಾಪಿನ ರಬ್ಬರ್ ಒಡೆದು ನೀರು ಹೋಗಿದೆ. ಪ್ಲಗ್, ಕ್ಯಾಪ್ ಎರಡೂ ಬದಲಿಸಿ. ಆದರೆ ಪಾನ ಕೂರುವ ಷಟ್ಕೋನದ ಮೇಲೆ ಪಿಂಗಾಣಿ ಸುತ್ತ ಉಂಗುರದಂತೆ ಕಂದು ಕಲೆ ಇದ್ದರೆ ಅದು ದೋಷ ಅಲ್ಲ. ಹೈ ವೋಲ್ಟೇಜಿಗೆ ಗಾಳಿಯ ಎಣ್ಣೆಕಣಗಳು ಅಂಟಿ ಆಗುವ ಕಲೆ. ಇದನ್ನು "ಗ್ಯಾಸ್ ಲೀಕ್" ಅಂದುಕೊಂಡು ಒಳ್ಳೇ ಪ್ಲಗ್ ಬಿಸಾಡುವವರು ಬಹಳ.

ಬಣ್ಣ ಸರಿಯಿದೆ, ಆದರೂ ಸ್ಟಾರ್ಟಿಂಗ್ ಕಷ್ಟ

ನಡುವಿನ ಕಡ್ಡಿಯ ಅಂಚು ಹೊಸದರಲ್ಲಿ ಚೂಪಾಗಿರುತ್ತದೆ. ಅದು ಉರುಟಾಗಿ ಗ್ಯಾಪ್ ಅಗಲವಾಗಿದ್ದರೆ ಪ್ಲಗ್ಗಿಗೆ ವಯಸ್ಸಾಗಿದೆ. ಗ್ಯಾಪ್ ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲಿರುತ್ತದೆ. ನಮ್ಮ ಸಾಮಾನ್ಯ ಬೈಕ್‌ಗಳಲ್ಲಿ ಹೆಚ್ಚಾಗಿ 0.6ರಿಂದ 0.9 ಮಿ.ಮೀ. ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. ಸರಿಮಾಡುವಾಗ ಹೊರಗಿನ ಕೊಕ್ಕೆ ಮಾತ್ರ ಬಗ್ಗಿಸಿ, ನಡುವಿನ ಕಡ್ಡಿ ಮೀಟಬೇಡಿ. ಇರಿಡಿಯಂ ಪ್ಲಗ್ಗಾದರೆ ಕೈಯನ್ನೇ ಹಾಕಬೇಡಿ, ತುದಿ ಮುರಿಯುತ್ತದೆ.

ತುದಿ ಕರಗಿದೆ, ಪಿಂಗಾಣಿ ಒಡೆದಿದೆ, ಬೆಳ್ಳಿ ಚುಕ್ಕೆ ಇದೆ

ಇಲ್ಲಿಗೆ ನಿಲ್ಲಿಸಿ. ಹೊಸ ಪ್ಲಗ್ ಹಾಕಿ ಮನೆವರೆಗೆ ಓಡಿಸುತ್ತೇನೆ ಅನ್ನಬೇಡಿ. ಮೂತಿ ಸುಮಾರು 850 ಡಿಗ್ರಿ ದಾಟಿದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳುತ್ತದೆ, ಪಿಸ್ಟನ್ ತೂತಾಗುವವರೆಗೂ ಹೋಗಬಹುದು. ಓಡುವಾಗ ಎಂಜಿನ್ ಜಾಮ್ ಆದರೆ ಹಿಂದಿನ ಚಕ್ರವೂ ನಿಲ್ಲುತ್ತದೆ. ಹೈವೇಯಲ್ಲಿ ಹಿಂದೆ ಲಾರಿ ಇದ್ದರೆ ಏನಾಗುತ್ತದೆ ಯೋಚಿಸಿ. ಒಡೆದ ಪಿಂಗಾಣಿ ಚೂರು ಒಳಗೆ ಬಿದ್ದಿದ್ದರೆ ಒಂದು ಕಿಕ್ ಕೂಡ ಹೊಡೆಯಬೇಡಿ. ಗಾಡಿಯನ್ನು ಟೆಂಪೋದಲ್ಲಿ ಸಾಗಿಸಿ, ಪ್ಲಗ್ಗನ್ನು ಒರೆಸದೆ ಹಾಗೇ ಮೆಕ್ಯಾನಿಕ್ ಕೈಗೆ ಕೊಡಿ.

ಮತ್ತೆ ಕೂರಿಸುವಾಗ

ಅಂಗಡಿಯವರು ಬೇರೆ ಕಂಪನಿಯ ಪ್ಲಗ್ ಕೊಟ್ಟರೆ ನಂಬರ್ ಬಗ್ಗೆ ಎಚ್ಚರ. ಎನ್‌ಜಿಕೆಯಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ತಂಪು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಬಾಷ್, ಚಾಂಪಿಯನ್‌ನಲ್ಲಿ ಲೆಕ್ಕ ಉಲ್ಟಾ. ಬೇಕಾದ್ದಕ್ಕಿಂತ ತಂಪು ಹಾಕಿದರೆ ಮಸಿ, ಬಿಸಿ ಹಾಕಿದರೆ ಸುಣ್ಣ. ಥ್ರೆಡ್ ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ನೋಡಿ. ಉದ್ದವಾದರೆ ಪಿಸ್ಟನ್ನಿಗೆ ಬಡಿಯಬಹುದು.

ಥ್ರೆಡ್ ಒರೆಸಿ ಬರಿ ಬೆರಳಲ್ಲಿ ತಿರುಗಿಸಿ, ಪೂರ್ತಿ ಕೂರುವವರೆಗೆ ಪಾನ ಮುಟ್ಟಬೇಡಿ. ಬಿಗಿ ಅನಿಸಿದರೆ ಥ್ರೆಡ್ ಓರೆ ಹಿಡಿದಿದೆ, ಬಿಚ್ಚಿ ಮತ್ತೆ ಹಿಡಿಸಿ. ಬೆರಳಿಗೆ ನಿಂತ ಮೇಲೆ ಪಾನದಲ್ಲಿ ಹೊಸ ಪ್ಲಗ್ಗಿಗೆ ಅರ್ಧ ಸುತ್ತು, ಆಗ ವಾಷರ್ ಒತ್ತಿಕೊಳ್ಳುತ್ತದೆ. ಹಳೇ ಪ್ಲಗ್ಗಿಗೆ ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿದಷ್ಟು ಸಾಕು. ಕ್ಯಾಪ್ ಟಕ್ ಅಂತ ಕೂರುವವರೆಗೆ ಒತ್ತಿ.

ತೆಗೆದ ಪ್ಲಗ್ ಚೆನ್ನಾಗಿದ್ದರೆ ಬಿಸಾಡಬೇಡಿ. ಒಂದು ಚೀಟಿಯಲ್ಲಿ ತಾರೀಖು, ಮೀಟರ್ ಕಿಲೋಮೀಟರ್ ಬರೆದು, ಜತೆಗೇ ಸುತ್ತಿ ಸೀಟಿನ ಕೆಳಗೆ ಪಾನದ ಪಕ್ಕ ಇಡಿ. ಮುಂದಿನ ಸಲ ಬಿಚ್ಚಿದಾಗ ಎರಡನ್ನೂ ಪಕ್ಕ ಪಕ್ಕ ಇಟ್ಟು ಬಣ್ಣ ನೋಡಬಹುದು.